ಸರ್ಕಾರದ ಹನ್ನೆರಡು, ಅಜ್ಜಿಯ ಹನ್ನೆರಡು

ವೈಶಾಖ ಹುಣ್ಣಿಮೆಗೆ ನಾನು ಪಾಯಸ ಮಾಡುತ್ತೇನೆ, ಎಲ್ಲರಿಗೂ ಬಡಿಸುತ್ತೇನೆ, ತಿನ್ನುವುದಿಲ್ಲ. ಮೊಮ್ಮಕ್ಕಳು ಕೇಳಿದರೆ ಸಕ್ಕರೆ ಕಾಯಿಲೆ ಎನ್ನುತ್ತೇನೆ. ಸಕ್ಕರೆ ಕಾಯಿಲೆ ಬಂದದ್ದು ಅರವತ್ತು ದಾಟಿದ ಮೇಲೆ. ಪಾಯಸ ಬಿಟ್ಟದ್ದು ಹನ್ನೊಂದನೆಯ ವಯಸ್ಸಿನಲ್ಲಿ. ನಡುವಿನ ಐವತ್ತು ವರ್ಷ ಏನೇನು ನೆಪ ಹೇಳಿದೆನೋ ನನಗೇ ಜ್ಞಾಪಕವಿಲ್ಲ. ಈಗ ನೆಪ ಹೇಳಿ ಹೇಳಿ ಸಾಕಾಗಿದೆ. ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ, ಓದಿದವರು ಏನಾದರೂ ಅಂದುಕೊಳ್ಳಲಿ.

ನಮ್ಮ ಮನೆ ಇದ್ದದ್ದು ದಂಡಿನ ಹಲಸೂರಿನಲ್ಲಿ, ಕೆರೆಗೆ ಕೂಗಳತೆಯಲ್ಲಿದ್ದ ಒಂದು ವಠಾರದ ಕೊನೆಯ ಮನೆ. ಮುಂದೆ ಒಂದು ಕೋಣೆ, ಅದರ ಹಿಂದೆ ಅಡುಗೆಮನೆ, ಅದರಾಚೆ ಸಣ್ಣ ಹಿತ್ತಲು. ಅಪ್ಪ, ಅಮ್ಮ, ಅಪ್ಪನ ತಾಯಿ ಮತ್ತು ನಾನು, ಇಷ್ಟೇ ಜನ. ಅಪ್ಪ ಮಿಲಿಟರಿ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮನೆಯೊಳಗೆ ತಮಿಳು, ಕನ್ನಡ ಎರಡೂ ಓಡಾಡುತ್ತಿದ್ದವು. ಬೈಯುವಾಗ ಅಜ್ಜಿಗೆ ಕನ್ನಡ, ಮುದ್ದು ಮಾಡುವಾಗ ತಮಿಳು; ಆಗ ನಾನು ಅವಳಿಗೆ 'ಕಣ್ಣು'.

ನಾವು ಬೌದ್ಧರು. ಈಗ ಹೀಗೆಂದರೆ ಜನ ತಲೆಯಾಡಿಸುತ್ತಾರೆ, ಆಗ ಹಾಗಲ್ಲ. "ಹಂಗಂದ್ರೆ ಏನು? ಚೀನಾದವರಾ?" ಎಂದು ಶಾಲೆಯಲ್ಲಿ ಕೇಳುತ್ತಿದ್ದರು. ಅಜ್ಜಿ ಕೋಲಾರದ ಚಿನ್ನದ ಗಣಿಯ ಕಡೆಯವಳು. ಮದುವೆಯಾದ ಹೊಸತರಲ್ಲಿ, ಗಣಿಯ ಕೂಲಿಯವರ ನಡುವೆ ಬಂದು ಧರ್ಮ ಹೇಳುತ್ತಿದ್ದವರ ಮಾತು ಕೇಳಿ ಅವಳು ಬುದ್ಧನ ಕಡೆ ತಿರುಗಿದಳಂತೆ. "ಅವ್ರು ಗುಡಿ ಬಾಗ್ಲು ಹಾಕ್ಕೊಂಡ್ರು. ಹಾಕ್ಕೊಳ್ಳಿ. ನಾನು ಬೇರೆ ಮನೆ ನೋಡ್ಕೊಂಡೆ" ಎನ್ನುತ್ತಿದ್ದಳು. ಆ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಮಾತು ಅವಳ ಬಾಯಿಂದ ನಾನು ಕೇಳಲಿಲ್ಲ.

ಪ್ರತಿ ಹುಣ್ಣಿಮೆಯೂ ಅಜ್ಜಿಗೆ ವ್ರತ. ಬೆಳಗಾಗುವ ಮೊದಲೇ ತಣ್ಣೀರು ಸ್ನಾನ, ಬಿಳಿ ಸೀರೆ, ಗೋಡೆಯ ಗೂಡಿನಲ್ಲಿದ್ದ ಪುಟ್ಟ ಬುದ್ಧನ ಮುಂದೆ ಕೂತು ಎಂಟು ಶೀಲ ತೆಗೆದುಕೊಳ್ಳುವುದು. ನಮಗೆ, ಸಂಸಾರಿಗಳಿಗೆ, ಐದೇ: ಕೊಲ್ಲಬಾರದು, ಕದಿಯಬಾರದು, ಕೆಟ್ಟ ನಡತೆ ಬೇಡ, ಸುಳ್ಳು ಬೇಡ, ಕುಡಿತ ಬೇಡ. ಅಜ್ಜಿಯ ಎಂಟರಲ್ಲಿ ಒಂದು, ನಡುಹಗಲು ದಾಟಿದ ಮೇಲೆ ಮಾರನೆಯ ಬೆಳಗಿನ ತನಕ ಊಟ ಮಾಡಬಾರದೆನ್ನುವುದು. ನೀರು, ಪಾನಕ ನಡೆಯುತ್ತದೆ. ಹಾಲು ಬೆರೆತದ್ದು, ಅಗಿಯುವಂಥದ್ದು ಏನೂ ಕೂಡದು. ಇಪ್ಪತ್ತನೆಯ ವಯಸ್ಸಿನಿಂದ ಒಂದು ಹುಣ್ಣಿಮೆಯನ್ನೂ ಅವಳು ಬಿಟ್ಟವಳಲ್ಲ. ಅಪ್ಪ ಹುಟ್ಟಿದ ದಿನವೂ ಹುಣ್ಣಿಮೆಯಂತೆ. ಮಗು ಪಕ್ಕಕ್ಕೆ ಬಂದ ಮೇಲೂ ಮಧ್ಯಾಹ್ನದ ಗಂಜಿ ಒಲ್ಲೆ ಎಂದಳಂತೆ. ಇಂಥ ಹಟಮಾರಿ.

ನಡುಹಗಲು ಯಾವಾಗ ಎನ್ನುವುದನ್ನು ಅವಳು ಗಡಿಯಾರ ನೋಡಿ ತಿಳಿಯುತ್ತಿರಲಿಲ್ಲ. ಹಿತ್ತಲಿನ ನಡುವೆ ಸೊಂಟದೆತ್ತರದ ಒಂದು ಸರ್ವೆ ಕಂಬ ನೆಡಿಸಿದ್ದಳು. ಬೆಳಿಗ್ಗೆ ಅದರ ನೆರಳು ಉದ್ದಕ್ಕೆ ಬಚ್ಚಲಿನ ಗೋಡೆ ಮುಟ್ಟುತ್ತಿತ್ತು. ಬರುಬರುತ್ತಾ ಗಿಡ್ಡವಾಗುತ್ತಿತ್ತು. ವೈಶಾಖದ ಬಿಸಿಲಲ್ಲಂತೂ ನಡುಹಗಲಿಗೆ ನೆರಳು ಕಂಬದ ಬುಡಕ್ಕೆ ಬಂದು ಮುದುಡಿಕೊಳ್ಳುತ್ತಿತ್ತು. ಅಲ್ಲಿಯ ತನಕ ಊಟ ಮಾಡಬಹುದು, ಅಲ್ಲಿಂದಾಚೆ ಇಲ್ಲ. ನಾನು ಮಾತು ಕಲಿತ ದಿನದಿಂದ "ಕಣ್ಣು, ಕಂಬ ನೋಡ್ಕೊಂಡು ಬಾ" ಎಂದು ಅವಳು ಕಳಿಸುವುದು, ನಾನು ಓಡಿಹೋಗಿ ಎಷ್ಟು ಗೇಣು ಉಳಿದಿದೆ ಎಂದು ಅಳೆದು ಬಂದು ಹೇಳುವುದು, ಇದು ನಮ್ಮಿಬ್ಬರ ನಡುವಿನ ಆಟವೂ ಹೌದು, ಕೆಲಸವೂ ಹೌದು.

ಗಡಿಯಾರ ನಮ್ಮ ಮನೆಗೆ ಬಂದದ್ದು ಆಮೇಲೆ. ಬೆನ್ಸನ್ ಟೌನಿನಲ್ಲಿ ಯಾರೋ ಬಿಳಿ ದೊರೆ ತನ್ನ ಊರಿಗೆ ಹೊರಟಾಗ ಸಾಮಾನು ಹರಾಜು ಹಾಕಿದ್ದರು. ಅಪ್ಪ ಅಲ್ಲಿಂದ ಗಂಟೆ ಹೊಡೆಯುವ ಒಂದು ಗೋಡೆ ಗಡಿಯಾರವನ್ನು ಟವಲಿನಲ್ಲಿ ಸುತ್ತಿ ಎದೆಗವಚಿಕೊಂಡು ತಂದರು. ಮುಂದಿನ ಕೋಣೆಯ ಬಾಗಿಲ ಮೇಲೆ ಅದಕ್ಕೆ ಜಾಗವಾಯಿತು. ಮುಳ್ಳು ನೋಡಿ ಹೊತ್ತು ಹೇಳುವುದನ್ನು ವಠಾರದ ಮಕ್ಕಳಲ್ಲಿ ಮೊದಲು ಕಲಿತವಳು ನಾನು. ಅದರ ಜಂಬ ಕೇಳಬೇಡಿ, ಬೀದಿಯಲ್ಲಿ ಹೋಗುವವರಿಗೆಲ್ಲ ಕರೆದು ಹೊತ್ತು ಹೇಳುತ್ತಿದ್ದೆ.

ಆಗ ಯುದ್ಧದ ಕಾಲ. ದೀಪದ ಬೆಳಕು ಹೊರಗೆ ಕಾಣಬಾರದು, ಅಕ್ಕಿ ಸಿಗುವುದಿಲ್ಲ, ಸಕ್ಕರೆ ಮೊದಲೇ ಇಲ್ಲ. ಇದರ ನಡುವೆ ಸರ್ಕಾರದ ಇನ್ನೊಂದು ಹುಕುಂ ಬಂತು, ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡಬೇಕು, ಯುದ್ಧ ಮುಗಿಯುವ ತನಕ ಅದೇ ಹೊತ್ತು. ಅಪ್ಪ ಸ್ಟೂಲಿನ ಮೇಲೆ ಹತ್ತಿ ಮುಳ್ಳು ತಿರುಗಿಸುತ್ತಿದ್ದಾಗ ಅಜ್ಜಿ ಕೆಳಗೆ ನಿಂತು ನೋಡುತ್ತಿದ್ದಳು.

"ಏನೋ ಅದು, ಹತ್ತಕ್ಕೆ ಹನ್ನೊಂದು ಮಾಡ್ತಾ ಇದ್ದೀಯಾ?"

"ಸರ್ಕಾರದ ಆರ್ಡರಮ್ಮಾ."

"ಓಹೋ. ಸೂರ್ಯಂಗೂ ಆರ್ಡರ್ ಹೋಗಿದ್ಯಾ?"

ಅಪ್ಪ ಬಿದ್ದು ಬಿದ್ದು ನಕ್ಕರು. ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಹನ್ನೆರಡು. ವರ್ಕ್‌ಶಾಪಿನ ಸೈರನ್, ಶಾಲೆಯ ಗಂಟೆ, ಗೋಡೆಯ ಗಡಿಯಾರ, ಇವೆಲ್ಲ ಸರ್ಕಾರದ ಹನ್ನೆರಡು. ಹಿತ್ತಲಿನ ಕಂಬದ್ದು ಅಜ್ಜಿಯ ಹನ್ನೆರಡು. ಎರಡರ ನಡುವೆ ಒಂದು ಗಂಟೆಗೂ ಮೀರಿದ ಅಂತರವಿತ್ತು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಇವತ್ತು ಹೇಳಿದರೆ ಅದು ಇನ್ನೊಂದು ಸುಳ್ಳಾದೀತು.

ಮಾರನೆಯ ಬೇಸಿಗೆಯಲ್ಲಿ ಅಜ್ಜಿಗೆ ಜ್ವರ ಹಿಡಿಯಿತು. ವಿಷಮಶೀತ. ಎರಡು ವಾರ ಮೈ ಕೆಂಡ. ಜ್ವರವೇನೋ ಇಳಿಯಿತು, ಆದರೆ ಅಜ್ಜಿ ಎಂದರೆ ಚಾಪೆಯ ಮೇಲೆ ಒಂದು ಸೀರೆ ಬಿದ್ದಿದೆ ಅನ್ನುವಷ್ಟಾಗಿದ್ದಳು. ಗಂಜಿ ತಂದರೆ ಬಾಯಿ ಕಹಿ ಎಂದು ಮುಖ ತಿರುಗಿಸುವಳು. ಬಾರ್ಲಿ ನೀರು ಎರಡು ಗುಟುಕು, ಅಷ್ಟೇ. ನೋಡಿಹೋಗಲು ಬಂದಿದ್ದ ಡಾಕ್ಟರು ಬಾಗಿಲಾಚೆ ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. "ಕಾಯಿಲೆ ಹೋಗಿದೆ. ಇನ್ನು ನಮ್ಮ ಕೈಲಿಲ್ಲ. ಹೊಟ್ಟೆಗೆ ಏನಾದ್ರೂ ಹೋದ್ರೆ ಉಳ್ಕೋತಾರೆ. ಹೋಗಲಿಲ್ಲಾಂದ್ರೆ ಕಷ್ಟ."

ಅಮ್ಮ ಏನು ಮಾಡಿದರೂ ಹೊಟ್ಟೆಗೆ ಹೋಗಲಿಲ್ಲ. ಅತ್ತರು, ಗದರಿದರು, ಮಗುವಿಗೆ ತಿನ್ನಿಸುವ ಹಾಗೆ ಬೆರಳಿನಿಂದ ತುಟಿಗೆ ಸವರಿದರು. ಹೀಗಿರುವಾಗ ಒಂದು ದಿನ ಅಜ್ಜಿ ತಾನಾಗಿಯೇ ಕೇಳಿದಳು.

"ಪೌರ್ಣಮಿ ಯಾವತ್ತು?"

"ಇನ್ನಾರು ದಿನ ಅತ್ತೆ."

"ಆವತ್ತು ಪಾಯಸ ತಿಂತೀನಿ. ವಿಹಾರದಲ್ಲಿ ಇಟ್ಟು ತಂದ ಪಾಯಸ. ಅದು ಹೋಗುತ್ತೆ ನಂಗೆ."

ಆ ಒಂದು ಮಾತಿಗೆ ನಮ್ಮ ಮನೆಯೇ ಎದ್ದು ಕೂತಿತು. ಬಯಲಿನ ಮರದ ಕೆಳಗೆ ಉಪವಾಸದಿಂದ ಸೊರಗಿ ಕೂತಿದ್ದ ಸಿದ್ಧಾರ್ಥನಿಗೆ ಹಳ್ಳಿಯ ಹೆಣ್ಣುಮಗಳು ಹಾಲಿನ ಪಾಯಸ ಕೊಟ್ಟಳು, ಅದನ್ನು ಉಂಡ ಮೇಲೆ ಅವನಿಗೆ ಜ್ಞಾನವಾಯಿತು. ಅದಕ್ಕೇ ವೈಶಾಖ ಹುಣ್ಣಿಮೆಗೆ ಪಾಯಸ. ನಮ್ಮವರು ಪ್ರತಿ ಮನೆಯಿಂದ ಒಂದು ಪಾತ್ರೆ ಮಾಡಿ ವಿಹಾರಕ್ಕೆ ಒಯ್ದು, ನಡುಹಗಲಿಗೆ ಮೊದಲು ಬುದ್ಧನ ಮುಂದಿಟ್ಟು, ಮನೆಗೆ ತರುತ್ತಿದ್ದರು. ಒಯ್ಯುವವಳು ಮನೆಯ ಹೆಣ್ಣುಮಗುವೇ ಆಗಬೇಕು. ಆ ವರ್ಷದ ಪಾತ್ರೆ ನನ್ನದು.

ಅಕ್ಕಿಯನ್ನು ಅಮ್ಮ ಯಾರ್ಯಾರ ಮನೆಯಿಂದಲೋ ಹಿಡಿ ಹಿಡಿ ಕೇಳಿ ತಂದರು. ಸಕ್ಕರೆ ಅಪ್ಪನದು. ಹೇಗೆಂದರೆ, ಅಜ್ಜಿ ಮಲಗಿದಾಗಿನಿಂದ ಅಪ್ಪ ಚಹಾಕ್ಕೆ ಸಕ್ಕರೆ ಹಾಕಿಸಿಕೊಂಡಿರಲಿಲ್ಲ. ಮುಖ ಹಿಂಡಿಕೊಂಡು ಬರೀ ಕಹಿ ಚಹಾ ಕುಡಿದು ಹೋಗುವರು. ಅವರ ಪಾಲಿನ ಸಕ್ಕರೆ ಒಂದು ಹಾರ್ಲಿಕ್ಸ್ ಶೀಸೆಯಲ್ಲಿ ಬೆರಳಷ್ಟು ಬೆರಳಷ್ಟೇ ಏರುತ್ತಿತ್ತು. ದಿನಾ ರಾತ್ರಿ ಅದನ್ನು ಎತ್ತಿ ಕಣ್ಣ ಮಟ್ಟಕ್ಕೆ ಹಿಡಿದು ನೋಡಿ ಮತ್ತೆ ಇಡುತ್ತಿದ್ದರು.

ಈಗಿನವರು ಬುದ್ಧ ಪೂರ್ಣಿಮೆ ಎಂದರೆ ಬಣ್ಣದ ಬಲ್ಬಿನ ಸರ, ಮೈಕು, ಭಾಷಣ ಎಂದುಕೊಂಡಿದ್ದಾರೆ. ನಮ್ಮ ವಿಹಾರ ಒಂದು ಹೆಂಚಿನ ಹಜಾರ. ಒಳಗೆ ಬರ್ಮಾದಿಂದ ಎಂದೋ ಬಂದಿದ್ದ ಬಿಳಿ ಕಲ್ಲಿನ ಬುದ್ಧ, ಒಂದು ಕಿವಿಯ ತುದಿ ಮುಕ್ಕಾಗಿತ್ತು. ನಮಗೆ ಭಿಕ್ಕುಗಳು ಇರಲಿಲ್ಲ; ಬಿಳಿ ಪಂಚೆ ಉಟ್ಟ, ರಿಟೈರಾದ ಒಬ್ಬ ಮೇಷ್ಟ್ರೇ ಶೀಲ ಹೇಳಿಕೊಡುತ್ತಿದ್ದರು. ಬಣ್ಣದ ಕಾಗದ ಸಿಗದ ಕಾಲವಾದ್ದರಿಂದ ಹಳೆಯ ಪೇಪರನ್ನೇ ಅರಿಶಿನದಲ್ಲಿ, ಬಟ್ಟೆಗೆ ಹಾಕುವ ನೀಲಿಯಲ್ಲಿ, ಕುಂಕುಮದ ನೀರಲ್ಲಿ ಅದ್ದಿ ಒಣಗಿಸಿ, ಅಂಟಿಸಿ, ಬೌದ್ಧರ ಐದು ಪಟ್ಟೆಯ ಬಾವುಟ ಮಾಡಿದ್ದೆವು. ಹತ್ತಿರದಿಂದ ನೋಡಿದರೆ ನೀಲಿ ಪಟ್ಟೆಯೊಳಗೆ ಯುದ್ಧದ ಸುದ್ದಿ ಓದಬಹುದಿತ್ತು. ಸಂಜೆ ಹೊರಗೆ ದೀಪ ಹಚ್ಚುವ ಹಾಗಿಲ್ಲ. ಹಚ್ಚಿದ್ದನ್ನೆಲ್ಲ ಒಳಗೇ ಹಚ್ಚಿ, ಬಾಗಿಲು ಹಾಕಿ, ಕಿಟಕಿಗೆ ಗೋಣಿಚೀಲ ಕಟ್ಟಬೇಕು. ಹುಣ್ಣಿಮೆಯ ಚಂದ್ರನಿಗೆ ಮಾತ್ರ ಅಂಥ ಹುಕುಂ ಇರಲಿಲ್ಲ.

ಹಬ್ಬದ ದಿನ ಬೆಳಿಗ್ಗೆ ಅಜ್ಜಿ ಶೀಲ ತೆಗೆದುಕೊಳ್ಳುವುದು ಬೇಡವೆಂದು ಅಮ್ಮ ಕೈಮುಗಿದರು. "ಕಾಯಿಲೆಯವರಿಗೆ ಇಲ್ಲ ಅಂತ ಮೇಷ್ಟ್ರೇ ಹೇಳಿದ್ದಾರೆ ಅತ್ತೆ, ಈ ಒಂದ್ಸಲ ಬಿಟ್ಬಿಡಿ." ಅಜ್ಜಿ ಕೇಳಲಿಲ್ಲ. ಮಲಗಿದಲ್ಲೇ ಬಿಳಿ ಸೀರೆ ಹೊದಿಸಿಕೊಂಡು, ತುಟಿ ಮಾತ್ರ ಆಡಿಸುತ್ತ ಎಂಟನ್ನೂ ಹೇಳಿದಳು. ಹೇಳಿ ಮುಗಿಸಿ ನನ್ನ ಕಡೆ ತಿರುಗಿ, "ಬೇಗ ತಾ ಕಣ್ಣು. ಹಸಿವಾಗ್ತಾ ಇದೆ" ಎಂದಳು. ಮೂರು ವಾರದಲ್ಲಿ ಹಸಿವು ಎನ್ನುವ ಮಾತು ಆ ಬಾಯಿಂದ ಬಂದದ್ದು ಅದೇ ಮೊದಲು. ಅಪ್ಪನಿಗೆ ರಜೆ ಇರಲಿಲ್ಲ. ಡಬ್ಬಿ ಹಿಡಿದು ಹೊಸಿಲಲ್ಲಿ ನಿಂತವರು ಹಿಂದಿರುಗಿ ಬಂದು ಅವಳ ಪಾದ ಮುಟ್ಟಿ ಹೋದರು.

ಹಾಲಿನ ದೆಸೆಯಿಂದ ತಡವಾಯಿತು. ಕೃಷ್ಣರಾಜಪುರದ ಕಡೆಯಿಂದ ನಡೆದು ಬರುವ ಹಾಲಿನಾಕೆ ಅಂದು ಬಹಳ ಹೊತ್ತಿನ ಮೇಲೆ ಬಂದಳು. ದಾರಿಯಲ್ಲೇ ಮಿಲಿಟರಿಯವರಿಗೆಂದು ಹಾಲು ಕೊಳ್ಳುವವರು ಅಡ್ಡಹಾಕಿದ್ದರಂತೆ. ನಮ್ಮ ಪಾಲಿನ ಒಂದು ಸೇರನ್ನು ಅವಳು ಸೆರಗಿನಡಿ ಬಚ್ಚಿಟ್ಟು ತಂದಿದ್ದಳು, ಪುಣ್ಯಾತ್ಗಿತ್ತಿ. ಅಮ್ಮ ಪಾಯಸ ಇಳಿಸಿದರು. ಅಜ್ಜಿಯ ಬಳಿ ಕೂರಲು ಪಕ್ಕದ ಮುಸಲ್ಮಾನರ ಮನೆಯ ಖಾಲಾ ಬಂದರು. ಅಮ್ಮ, ನಾನು ಬಿಳಿ ಬಟ್ಟೆಯಲ್ಲಿ ವಿಹಾರಕ್ಕೆ ಹೊರಟೆವು. ಹಿತ್ತಾಳೆಯ ಚೊಂಬು ನನ್ನ ತಲೆಯ ಮೇಲೆ, ಕಾಲಲ್ಲಿ ಚಪ್ಪಲಿ ಇಲ್ಲ. ಹಬ್ಬದ ದಿನ ಪಾತ್ರೆ ಹೊತ್ತವಳು ಚಪ್ಪಲಿ ಮೆಟ್ಟಬಾರದು.

ವಿಹಾರದಲ್ಲಿ ಪಾತ್ರೆಗಳೆಲ್ಲ ಸಾಲಾಗಿ ಕೂತವು. ಮೇಷ್ಟ್ರು ಒಂದೊಂದೇ ಶೀಲ ಹೇಳಿಕೊಟ್ಟರು, ನಾವು ಹಿಂದಿನಿಂದ ಹೇಳಿದೆವು. ಸುಳ್ಳಾಡುವುದಿಲ್ಲ ಎನ್ನುವುದನ್ನು ನಾನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದೆ, ಏಕೆಂದರೆ ಅದೊಂದು ನನಗೆ ತಡವರಿಸದೆ ಬರುತ್ತಿತ್ತು. "ಸಾಧು, ಸಾಧು, ಸಾಧು" ಎಂದು ಎಲ್ಲರೂ ಕೈಮುಗಿದರು. ಬರ್ಮಾದಿಂದ ಕಾಲ್ನಡಿಗೆಯಲ್ಲಿ ತಪ್ಪಿಸಿಕೊಂಡು ಬಂದ ಕೆಲವು ಸಂಸಾರಗಳಿಗೆ ಅಲ್ಲಿ ಊಟವಿತ್ತು, ಅಮ್ಮ ಬಡಿಸಲು ನಿಲ್ಲಬೇಕು. ಚೊಂಬನ್ನು ನನ್ನ ತಲೆಗೆ ಎತ್ತಿ ಅಮ್ಮ ಹೇಳಿದರು: "ಓಡು. ನೇರ ಅಜ್ಜಿ ಹತ್ರ. ಹೊತ್ತಿದೆ, ಆದ್ರೂ ದಾರೀಲಿ ನಿಲ್ಬೇಡ."

ನಿಲ್ಲಲಿಲ್ಲ. ಆದರೆ ಆ ದಾರಿ! ಕೆರೆಯ ಏರಿಯ ಮಣ್ಣು ಹೆಂಚಿನ ಹಾಗೆ ಕಾದಿತ್ತು. ಬೆಳಿಗ್ಗೆಯಿಂದ ನನ್ನ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ತಲೆಯ ಮೇಲಿನಿಂದ ಏಲಕ್ಕಿ, ಹಾಲು, ಸಕ್ಕರೆಯ ವಾಸನೆ ಇಳಿದು ಇಳಿದು ಮೂಗಿಗೆ ಬರುತ್ತಿತ್ತು. ಸಕ್ಕರೆ ಹಾಕಿದ ಪಾಯಸ ತಿಂದು ನನಗೆ ಒಂದು ವರ್ಷವೇ ಆಗಿತ್ತು. ಅಂಗಾಲು ಸುಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು ಮನೆ ಸೇರಿದೆ.

"ಬಂದ್ಯಾ ಬೇಟಿ? ಆಗ್ಲಿಂದ ಒಂದೇ ಸಮ, ಪಾಯಸ ಬಂತಾ, ಪಾಯಸ ಬಂತಾ ಅಂತಾವ್ರೆ" ಎಂದರು ಖಾಲಾ. ಒಲೆಯ ಮೇಲೆ ಏನೋ ಇಟ್ಟು ಬಂದಿದ್ದರಂತೆ, ನನ್ನ ಗಲ್ಲ ತಟ್ಟಿ ತಮ್ಮ ಮನೆಗೆ ಹೋದರು. ನಾನು ಬಟ್ಟಲಿಗೆ ಪಾಯಸ ಬಗ್ಗಿಸಿ ಅಜ್ಜಿಯ ಪಕ್ಕ ಕೂತೆ. ಅಜ್ಜಿ ಮೊಣಕೈ ಊರಿ ತಲೆ ಎತ್ತಲು ನೋಡಿದಳು. ಆ ಕಣ್ಣಿನ ಆಸೆ ಈಗಲೂ ನನ್ನ ಎದುರಿಗಿದೆ. ಅಷ್ಟಾದರೂ ಬಾಯಿ ತೆರೆಯಲಿಲ್ಲ.

"ಕಣ್ಣು, ಕಂಬ ನೋಡ್ಕೊಂಡು ಬಾ."

ಹಿತ್ತಲೆಂದರೆ ಮತ್ತೆ ಆ ಬಿಸಿಲು. ಅಂಗಾಲು ಉರಿಯುತ್ತಿದೆ. ಎದ್ದೆ, ಅಡುಗೆಮನೆಯ ತನಕ ಹೋದೆ, ಹಿತ್ತಲ ಬಾಗಿಲಿನ ಹೊಸಿಲು ದಾಟಲಿಲ್ಲ. ಅಲ್ಲೇ ನಿಂತು ತಿರುಗಿ ನೋಡಿದರೆ ಮುಂದಿನ ಕೋಣೆಯ ಗಡಿಯಾರ ಕಾಣಿಸುತ್ತದೆ. ಹನ್ನೆರಡು ಹೊಡೆದು ಹತ್ತು ನಿಮಿಷವಾಗಿತ್ತು. ವಾಪಸು ಬಂದೆ.

"ದಾಟಿದೆ ಅಜ್ಜಿ."

"ದಾಟ್ತಾ?" ಅವಳಿಗೆ ನಂಬಿಕೆಯಾಗಲಿಲ್ಲ. "ಕಂಬ ನೋಡಿದ್ಯಾ?"

"ನೋಡ್ದೆ."

ಏಕೆ ಹಾಗೆಂದೆ? ಇಷ್ಟು ವರ್ಷ ಇದನ್ನೇ ಅಗಿಯುತ್ತಿದ್ದೇನೆ. ಕಾಲು ಸುಡುತ್ತಿತ್ತು, ನಿಜ. ಅಷ್ಟೇ ಆಗಿದ್ದರೆ ಸರಿಯಾಗಿ ನೋಡಲಿಲ್ಲ ಅಜ್ಜಿ ಎನ್ನಬಹುದಿತ್ತು. ಅವಳು ತಿನ್ನದಿದ್ದರೆ ಆ ಬಟ್ಟಲು ಯಾರಿಗೆ ಬರುತ್ತದೆ ಎನ್ನುವುದು ನನ್ನ ಹೊಟ್ಟೆಗೆ ಗೊತ್ತಿತ್ತು. ಥೂ, ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅಜ್ಜಿ ಮೊಣಕೈ ಸಡಿಲಿಸಿ ಮಲಗಿದಳು. "ಆಯ್ತು. ನಾಳೆ ತಿಂತೀನಿ. ಇಟ್ರೆ ಹಳಸುತ್ತೆ, ನೀನು ತಿಂದ್ಬಿಡು. ಬಿಸಿಲಲ್ಲಿ ಬಂದಿದ್ದೀಯ, ಮುಖ ನೋಡು ಹೆಂಗಾಗಿದೆ" ಎಂದಳು. ಒಂದು ಮಾತು ಕೊಂಕಿಲ್ಲ, ಬೇಸರವಿಲ್ಲ.

ಅಡುಗೆಮನೆಯ ಮೂಲೆಯಲ್ಲಿ ಕೂತು ತಿಂದೆ. ಬಟ್ಟಲಿನದನ್ನು ತಿಂದೆ, ಚೊಂಬಿನ ತಳದಲ್ಲಿ ಉಳಿದದ್ದನ್ನೂ ಬೆರಳು ಹಾಕಿ ಬಳಿದು ತಿಂದೆ. ಆಮೇಲೆ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಾಗ ಕಂಬ ಕಣ್ಣಿಗೆ ಬಿತ್ತು. ನೆರಳು ಬಚ್ಚಲಿನ ಕಡೆಗೇ ಬಿದ್ದಿತ್ತು. ಕೂತು ಅಳೆದೆ. ಬುಡಕ್ಕೆ ಇನ್ನೂ ಒಂದು ಗೇಣಿಗಿಂತ ಹೆಚ್ಚು ಉಳಿದಿತ್ತು.

ವಿಹಾರಕ್ಕೆ ಓಡಿ ಹೋಗಿ ಬರಲು ಅರ್ಧ ಗಂಟೆ ಸಾಕು. ಅಲ್ಲಿ ಹತ್ತು ಮನೆಯ ಪಾಯಸವಿತ್ತು. ಅಮ್ಮನಿಗೆ ಒಂದು ಮಾತು ಹೇಳಿದ್ದರೆ ಅವರೇ ಎತ್ತಿಕೊಂಡು ಓಡಿ ಬರುತ್ತಿದ್ದರು. ಆದರೆ ಏನೆಂದು ಹೇಳುವುದು? ಶೀಲ ತೆಗೆದುಕೊಂಡ ಬಾಯಿ ಒಣಗುವ ಮೊದಲೇ ಸುಳ್ಳು ಹೇಳಿ ಅಜ್ಜಿಯ ಪಾಯಸ ತಿಂದುಬಿಟ್ಟೆ ಎಂದೇ? ಈಗ ಎದ್ದು ಹೋಗುತ್ತೇನೆ, ಈಗ ಹೋಗುತ್ತೇನೆ ಎಂದುಕೊಳ್ಳುತ್ತಾ ತೊಳೆದ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಆ ಕಂಬದ ಮುಂದೆಯೇ ಕೂತೆ. ನೆರಳು ಒಂದು ಗೇಣಾಯಿತು. ಮುಕ್ಕಾಲಾಯಿತು. ನಾಲ್ಕು ಬೆರಳಾಯಿತು. ಕಾಲು ಸುಡುತ್ತದೆಂದು ಯಾವ ಬಿಸಿಲಿಗೆ ಇಳಿಯಲಿಲ್ಲವೋ ಅದೇ ಬಿಸಿಲಲ್ಲಿ ಒಂದು ಗಂಟೆ ಕೂತಿದ್ದೆ. ಕೊನೆಗೆ ನೆರಳು ಬುಡಕ್ಕೆ ಸೇರಿಕೊಂಡಿತು, ಅಜ್ಜಿಯ ಹನ್ನೆರಡಾಯಿತು.

ಅಮ್ಮ ಬಂದಾಗ ಅಜ್ಜಿ ನಿದ್ದೆಯಲ್ಲಿದ್ದಳು. ಅಡುಗೆಮನೆಯಲ್ಲಿ ಬೋರಲು ಹಾಕಿದ್ದ ಬಟ್ಟಲು ಕಂಡು ಅಮ್ಮ ಚೊಂಬು ಎತ್ತಿ ನೋಡಿದರು. ಖಾಲಿ. "ಅಯ್ಯೋ, ಎಲ್ಲಾನೂ ತಿಂದ್ರಾ!" ಎಂದು ನನ್ನನ್ನು ಎಳೆದು ಎದೆಗೊತ್ತಿಕೊಂಡು ಅಳತೊಡಗಿದರು. ಎಷ್ಟೋ ದಿನದ ಮೇಲೆ ಅಮ್ಮನ ಮುಖದಲ್ಲಿ ನಗು ಇತ್ತು. ನಾನು ಬಾಯಿ ಬಿಡಲಿಲ್ಲ. ಸಂಜೆ ಅಪ್ಪ ಬಂದು ಸುದ್ದಿ ಕೇಳಿ, ಖಾಲಿಯಾದ ಸಕ್ಕರೆ ಶೀಸೆಯನ್ನು ಕೈಯಲ್ಲಿ ಹಿಡಿದುಕೊಂಡು ಕೂತರು. ಅಜ್ಜಿ ಒಮ್ಮೆ ಕಣ್ಣು ಬಿಟ್ಟಾಗ ಅಮ್ಮ ಬಗ್ಗಿ, "ಪಾಯಸ ಹಿಡಿಸ್ತಾ ಅತ್ತೆ?" ಎಂದರು. ಅಜ್ಜಿಯ ನಾಲಿಗೆ ಅಷ್ಟು ಹೊತ್ತಿಗೆ ತೊದಲುತ್ತಿತ್ತು. "ನಾಳೆ" ಎಂದಳು. ನಾಳೆಯೂ ಬೇಕಂತೆ ಎಂದು ಅಮ್ಮ ಅಪ್ಪನಿಗೆ ಸಂಭ್ರಮದಿಂದ ಹೇಳಿದರು.

ನಾಳೆ ಬೆಳಗಾಗುವ ಮೊದಲೇ ಅಜ್ಜಿ ಹೋಗಿಬಿಟ್ಟಿದ್ದಳು. ಆ ಬಿಳಿ ಸೀರೆಯಲ್ಲೇ ಮಣ್ಣು ಮಾಡಿದರು. ವಿಹಾರದ ಬಾವುಟಗಳಲ್ಲಿ ಒಂದನ್ನು ತಂದು ಮೇಲೆ ಹೊದಿಸಿದ್ದರು. ಅದರ ಅರಿಶಿನ ಸೀರೆಗೆ ಹತ್ತಿತ್ತು.

ಅಲ್ಲಿಂದ ಎರಡು ವರ್ಷ ಅಪ್ಪ ಬದುಕಿದ್ದು ಒಂದೇ ಮಾತಿನ ಮೇಲೆ. ಮಾತಾಡಿಸಲು ಬಂದವರಿಗೆ, ವರ್ಕ್‌ಶಾಪಿನವರಿಗೆ, ಹಾಲಿನಾಕೆಗೆ, ಎಲ್ಲರಿಗೂ ಅದೇ: "ನಮ್ಮಮ್ಮ ಪೌರ್ಣಮಿ ಪಾಯಸ ಹೊಟ್ಟೆ ತುಂಬಾ ತಿಂದು ಹೋದ್ಲು." ಕೇಳಿದವರು "ಪುಣ್ಯವಂತೆ ಬಿಡಿ" ಎನ್ನುವರು. ಆಗೆಲ್ಲ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ನಾನು ಬಡಕಲಾದೆ. ಸಿಹಿ ಕಂಡರೆ ಓಕರಿಕೆ. ಅಮ್ಮ ಹುಳುವಿನ ಔಷಧಿ ಕುಡಿಸಿದರು, ಖಾಲಾ ತಾಯಿತ ಕಟ್ಟಿಸಿದರು.

ಯುದ್ಧ ಮುಗಿಯಿತು. ಮಳೆಗಾಲ ಕಳೆಯುವ ಹೊತ್ತಿಗೆ ಸರ್ಕಾರ ಆ ಒಂದು ಗಂಟೆಯನ್ನು ವಾಪಸು ಕೊಟ್ಟಿತು. ಅಪ್ಪನಿಗೆ ರಜೆಯಿದ್ದ ದಿನ. ಮುಳ್ಳನ್ನು ಹಿಂದಕ್ಕೆ ತಿರುಗಿಸುತ್ತಾರೆಂದು ನಾನು ಸ್ಟೂಲು ಹಿಡಿದು ನಿಂತೆ. "ಹಿಂದಕ್ಕೆ ತಿರುಗಿಸ್ಬಾರ್ದು, ಗಂಟೆ ಹೊಡಿಯೋದು ಕೆಟ್ಟೋಗುತ್ತೆ. ಒಂದು ಗಂಟೆ ನಿಲ್ಲಿಸ್ಬಿಟ್ರೆ ಆಯ್ತು" ಎಂದು ಅಪ್ಪ ಕಾದರು. ಗಡಿಯಾರ ಹನ್ನೆರಡು ಹೊಡೆದು ಮುಗಿಸಿತು. ಅಪ್ಪ ಲೋಲಕವನ್ನು ಎರಡು ಬೆರಳಲ್ಲಿ ಹಿಡಿದು ನಿಲ್ಲಿಸಿದರು. ಇನ್ನು ವರ್ಕ್‌ಶಾಪಿನ ಹನ್ನೆರಡರ ಸೈರನ್ ಊದುವ ತನಕ ಅದು ಹಾಗೇ ನಿಂತಿರಬೇಕು. ಅಮ್ಮ ಮಾರ್ಕೆಟ್ಟಿಗೆ ಹೋಗಿದ್ದರು. ಅಪ್ಪ ಗೋಡೆಗೆ ಒರಗಿ ಕೂತರು, ಎದುರಿಗೆ ನಾನು. ಟಿಕ್ ಟಿಕ್ ನಿಂತ ಮನೆ ಬಹಳ ದೊಡ್ಡದೆನಿಸುತ್ತಿತ್ತು. ತಲೆ ಎತ್ತಿದರೆ ಹನ್ನೆರಡು. ಎಷ್ಟು ಹೊತ್ತಾದ ಮೇಲೆ ನೋಡಿದರೂ ಹನ್ನೆರಡೇ. ನನ್ನಿಂದ ತಡೆಯಲಾಗಲಿಲ್ಲ.

"ಅಪ್ಪಾ, ಅಜ್ಜಿ ಪಾಯಸ ತಿನ್ಲಿಲ್ಲ."

ಎಲ್ಲ ಹೇಳಿದೆ. ಕಂಬ ನೋಡು ಎಂದದ್ದು, ಗಡಿಯಾರ ನೋಡಿದ್ದು, ನೋಡ್ದೆ ಎಂದದ್ದು, ಬೆರಳಲ್ಲಿ ಬಳಿದದ್ದು, ನೆರಳಿನ ಮುಂದೆ ಕೂತದ್ದು. ಅಳುತ್ತಾ, ಬಿಕ್ಕುತ್ತಾ, ಎಲ್ಲ. ಅಪ್ಪ ಹೊಡೆಯಲಿ ಎಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ನನ್ನನ್ನು ನೋಡಲೂ ಇಲ್ಲ, ನಿಂತ ಲೋಲಕವನ್ನೇ ನೋಡುತ್ತಿದ್ದರು. ಮುಖ ಒಂದೇ ಸಮನೆ ಮುದಿಯಾಗುತ್ತಿರುವುದು ನನಗೆ ಕಾಣುತ್ತಿತ್ತು. ಕೊನೆಗೆ ಕೇಳಿದರು:

"ಸಕ್ಕರೆ ಸಾಕಾಗಿತ್ತಾ?"

"ಹ್ಞೂಂ."

ದೂರದಲ್ಲಿ ಸೈರನ್ ಊದಿತು. ಅಪ್ಪ ಎದ್ದು ಸ್ಟೂಲು ಹತ್ತಿ ಲೋಲಕವನ್ನು ಮೆಲ್ಲಗೆ ತಳ್ಳಿದರು. ಆಮೇಲೆ ಹಿತ್ತಲಿಗೆ ಹೋಗಿ ಕಂಬದ ಹತ್ತಿರ ನಿಂತಿದ್ದರು. ಅಮ್ಮ ಬಂದು ಕರೆಯುವ ತನಕ ಒಳಗೆ ಬರಲಿಲ್ಲ. ಈ ಮಾತನ್ನು ಅವರು ಅಮ್ಮನಿಗೆ ಹೇಳಲಿಲ್ಲ, ನನ್ನ ಹತ್ತಿರವೂ ಮತ್ತೆ ಎತ್ತಲಿಲ್ಲ. ಪಾಯಸ ತಿಂದು ಹೋದಳು ಎಂದು ಊರಿಗೆಲ್ಲ ಹೇಳುವುದನ್ನು ಮಾತ್ರ ಅಂದಿನಿಂದ ಬಿಟ್ಟರು.

ಮುಂದಿನ ವೈಶಾಖಕ್ಕೆ ಕಿಟಕಿಯ ಗೋಣಿಚೀಲ ಬಿಚ್ಚಿದ್ದೆವು, ಹೊರಗೆ ದೀಪ ಹಚ್ಚುವ ಹಾಗಿತ್ತು. ಬೆಳಿಗ್ಗೆ ವಿಹಾರದಲ್ಲಿ ಅಪ್ಪ, ನಾನು ಪಕ್ಕಪಕ್ಕದಲ್ಲೇ ಕೂತು ಶೀಲ ತೆಗೆದುಕೊಂಡೆವು. ಸುಳ್ಳಿನ ಶೀಲ ಬಂದಾಗ ನನ್ನ ದನಿ ಏಳಲಿಲ್ಲ, ಅಪ್ಪ ಗಟ್ಟಿಯಾಗಿ ಹೇಳಿದರು. ಮುಗಿದ ಮೇಲೆ ಮೇಷ್ಟ್ರು ಹತ್ತಿರ ಬಂದು, ಸುತ್ತಲಿದ್ದವರಿಗೆ ಕೇಳುವ ಹಾಗೆ, "ಇವರ ತಾಯಿ ಪೌರ್ಣಮಿ ಪಾಯಸ ತಿಂದು ಹೋದ ಪುಣ್ಯವಂತೆ, ಅಲ್ವೇನಯ್ಯಾ?" ಎಂದರು. ಎಲ್ಲರೂ ಅಪ್ಪನ ಮುಖ ನೋಡಿದರು. ಅಮ್ಮನೂ ನೋಡಿದರು.

ವರ್ಕ್‌ಶಾಪಿನಲ್ಲಿ ಒಂದು ನಟ್ಟಿನ ವಿಷಯದಲ್ಲೂ ಸುಳ್ಳಾಡದ ಮನುಷ್ಯ ನಮ್ಮಪ್ಪ. ಅವರು ನನ್ನ ತಲೆಯ ಮೇಲೆ ಕೈ ಇಟ್ಟರು.

"ಹೌದು ಮೇಷ್ಟ್ರೇ. ನನ್ನ ಮಗಳೇ ತಿನ್ನಿಸಿದ್ದು."